ಪದ ಪರಿಚಯ: ತಿಳಿದು ಕೊಟ್ಟ ಒಪ್ಪಿಗೆ

ಹಳೇ ಕಥೆ ಹೇಳುತ್ತಿರುವ ಅಜ್ಜಿ ನಡುವೆ ದನಿ ತಗ್ಗಿಸಿ, "ಇದನ್ನ ಮಾತ್ರ ಬರ್ಕೋಬೇಡಪ್ಪ" ಅನ್ನುತ್ತಾರೆ. ರೆಕಾರ್ಡರ್ ಓಡುತ್ತಲೇ ಇರುತ್ತದೆ. ಶುರುವಿನಲ್ಲೇ ಸಹಿ ಹಾಕಿಸಿಕೊಂಡಾಗಿದೆ, ನಿಜ. ಆ ಸಹಿ ಈ ಮಾತಿಗೂ ಸಲ್ಲುತ್ತದಾ?

ಜನರ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಮೌಖಿಕ ಇತಿಹಾಸದಲ್ಲಿ 'ತಿಳಿದು ಕೊಟ್ಟ ಒಪ್ಪಿಗೆ' ಅಂದರೆ ಬರೀ ಸಹಿ ಅಲ್ಲ. ನನ್ನ ಧ್ವನಿ ಎಲ್ಲಿರುತ್ತದೆ, ಯಾರು ಕೇಳುತ್ತಾರೆ, ಯಾವಾಗ ಹೊರಬರುತ್ತದೆ, ನಾಳೆ ಬೇಡ ಅನ್ನಿಸಿದರೆ ದಾರಿ ಏನು, ಇಷ್ಟೂ ಗೊತ್ತಿದ್ದು ಹೂಂ ಅನ್ನುವುದು. ಆಪರೇಷನ್‌ಗೆ ಮುಂಚೆ ಕೇಳುವ ಒಪ್ಪಿಗೆಯ ಹಾಗೆಯೇ. ನನ್ನ ಪ್ರಕಾರ ಇದರಲ್ಲಿ ಕಷ್ಟದ್ದು ಒಂದೇ: ಸಂದರ್ಶನ ಮಾಡುವವರು ತಮ್ಮ ಕೈಲಿ ಆಗದ್ದನ್ನೂ ಬಾಯಿಬಿಟ್ಟು ಹೇಳಬೇಕು.

ಹೇಳದೆ ಎಡವಟ್ಟಾದದ್ದು ಬೆಲ್‌ಫಾಸ್ಟ್‌ನಲ್ಲಿ. ಅಮೆರಿಕದ ಬಾಸ್ಟನ್ ಕಾಲೇಜಿನ ಯೋಜನೆಯೊಂದು 2001ರಿಂದ ಉತ್ತರ ಐರ್ಲೆಂಡಿನ ಮಾಜಿ ಬಂದೂಕುಧಾರಿಗಳ ನೆನಪುಗಳನ್ನು ದಾಖಲಿಸಿತು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದ ಐಆರ್‌ಎ ಗುಂಪಿನವರೂ ಇದ್ದರು, ಅವರ ಎದುರಾಳಿಗಳೂ ಇದ್ದರು. ನೀವು ಸಾಯುವ ತನಕ ಟೇಪು ಹೊರಬರಲ್ಲ ಎಂಬ ಮಾತಿನ ಮೇಲೆ ಅವರು ಬಾಯಿಬಿಟ್ಟರು. ಸಂದರ್ಶಕರಲ್ಲೊಬ್ಬರಾದ ಆಂಟನಿ ಮ್ಯಾಕಿಂಟೈರ್ ಸ್ವತಃ ಐಆರ್‌ಎಯಲ್ಲಿದ್ದು ಜೈಲು ಕಂಡವರು. ನಮ್ಮವನೇ ಕೇಳ್ತಿದಾನೆ ಅಂದಮೇಲೆ ಯಾರು ತಾನೇ ಕಾಗದ ಓದುತ್ತಾರೆ?

ಆದರೆ ವಿಷಯ ಇದ್ದದ್ದು ಕಾಗದದಲ್ಲೇ. ಯೋಜನೆಯ ನಿರ್ದೇಶಕರು ಕಾಲೇಜಿನ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ, ಗುಟ್ಟು ಕಾಪಾಡುವುದು 'ಅಮೆರಿಕದ ಕಾನೂನು ಬಿಡುವಷ್ಟು ಮಟ್ಟಿಗೆ' ಎಂಬರ್ಥದ ಒಂದು ಸಾಲಿತ್ತು. ಮಾತಾಡಿದವರು ಸಹಿ ಹಾಕಿದ ಹಾಳೆಯಲ್ಲಿ ಅದು ಇರಲಿಲ್ಲ.

ಜೀನ್ ಮ್ಯಾಕ್‌ಕಾನ್ವಿಲ್ ಎಂಬ ಹತ್ತು ಮಕ್ಕಳ ತಾಯಿಯನ್ನು 1972ರಲ್ಲಿ ಐಆರ್‌ಎಯವರು ಮನೆಯಿಂದ ಎಳೆದೊಯ್ದು ಕೊಂದಿದ್ದರು. ಆ ತನಿಖೆಗಾಗಿ 2011ರಲ್ಲಿ ಉತ್ತರ ಐರ್ಲೆಂಡಿನ ಪೊಲೀಸರು ಟೇಪು ಕೊಡಿ ಎಂದು ಕೇಳಿದರು. ವಿಷಯ ಕೋರ್ಟಿಗೆ ಹೋಯಿತು, ಕೊನೆಗೆ 11 ಸಂದರ್ಶನಗಳನ್ನು ಕೊಡಬೇಕಾಯಿತು. ಆ ಮಕ್ಕಳ ಕಡೆ ನಿಂತು ನೋಡಿದರೆ ಪೊಲೀಸರು ಕೇಳಿದ್ದೂ ತಪ್ಪಲ್ಲ, ಅಲ್ವಾ? ಸುಮ್ನೆ ಕಾಲೇಜಿಗೋ ಪೊಲೀಸರಿಗೋ ಬೈದು ಮುಗಿಸುವ ಹಾಗಿಲ್ಲ. 2014ರಲ್ಲಿ ಕಾಲೇಜು, ಬೇಕಾದವರು ತಮ್ಮ ಟೇಪು ವಾಪಸ್ ತಗೊಳ್ಳಬಹುದು ಎಂದಿತು.

ಅದೇ ಕೊಲೆಗೆ ಸಂಬಂಧಿಸಿ ಐವರ್ ಬೆಲ್ ಎಂಬ ಹಳೆಯ ಐಆರ್‌ಎ ನಾಯಕರ ಮೇಲೆ ಕೇಸು ಬಿತ್ತು. 2019ರಲ್ಲಿ ನ್ಯಾಯಾಧೀಶರು ಟೇಪನ್ನು ಸಾಕ್ಷಿಯಾಗಿ ಒಪ್ಪಲಿಲ್ಲ. ಅವರು ಕೊಟ್ಟ ಕಾರಣಗಳಲ್ಲಿ ಒಂದು ಆ ಭರವಸೆಯೇ: ಬದುಕಿರುವ ತನಕ ಯಾರೂ ಕೇಳಲ್ಲ ಎಂದು ನಂಬಿ ಕೂತವರು ಏನು ಬೇಕಾದರೂ ಹೇಳಿರಬಹುದು.