ನೀರು ಬಿಸಿಯಾದರೆ ಮೀನಿನ ಉಸಿರು, ಮತ್ತು ನನ್ನನ್ನು ಕಾಡಿದ ಕ್ಯೂ10

ನಿನ್ನೆ ಗೋಲ್ಡ್‌ಫಿಶ್ ಪ್ರಯೋಗದ ರೆಕಾರ್ಡ್ ಬರೆಯಲು ಕೂತವಳು ಎರಡು ಕಡೆ ಸಿಕ್ಕಿಹಾಕಿಕೊಂಡೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಪ್ರಯೋಗ ಸುಲಭ. ಮೀನು ಬಾಯಿಂದ ನೀರು ಎಳೆದುಕೊಂಡು, ಕಿವಿರಿನ ಮೇಲೆ ಹಾಯಿಸಿ, ಪಕ್ಕದ ಮುಚ್ಚಳ ತೆರೆದು ಹೊರಬಿಡುತ್ತದೆ. ಆ ಮುಚ್ಚಳ ನಿಮಿಷಕ್ಕೆ ಎಷ್ಟು ಸಲ ತೆರೆಯಿತು ಎಂದು ಬೇರೆ ಬೇರೆ ತಾಪಮಾನದಲ್ಲಿ ಎಣಿಸುವುದು, ಅಷ್ಟೇ. ಒಂದು ಸಲ ತೆರೆದರೆ ಒಂದು ಉಸಿರು. ನೀರು 10 ಡಿಗ್ರಿ ಬಿಸಿಯಾದರೆ ಉಸಿರು ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ.

ಕಾರಣ ಎಲ್ಲಿದೆ?

"ಬಿಸಿ ನೀರಲ್ಲಿ ಆಕ್ಸಿಜನ್ ಕಮ್ಮಿ, ಅದಕ್ಕೇ ಉಸಿರು ಜಾಸ್ತಿ" ಎಂದು ಬರೆದಿದ್ದೆ. ಸುಳ್ಳಲ್ಲ, ಆದರೆ ಉತ್ತರದ ಸಣ್ಣ ಪಾಲು ಅದು. ಸಿಹಿನೀರು 20 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ 9.1 ಮಿಲಿಗ್ರಾಂ ಆಕ್ಸಿಜನ್ ಹಿಡಿದಿಡುತ್ತದೆ, 30 ಡಿಗ್ರಿಯಲ್ಲಿ 7.6. ಇಳಿದದ್ದು ಸುಮಾರು ಆರರಲ್ಲಿ ಒಂದು ಪಾಲು. ಇದನ್ನು ಸರಿದೂಗಿಸಲು 1.2 ಪಟ್ಟು ನೀರು ಹಾಯಿಸಿದರೆ ಸಾಕು. ಉಸಿರು ದುಪ್ಪಟ್ಟು ಆಗುವುದು ಯಾಕೆ ಹಾಗಾದರೆ?

ಯಾಕೆಂದರೆ ಮೀನು ಶೀತರಕ್ತದ ಪ್ರಾಣಿ. ನೀರಿನ ಬಿಸಿಯೇ ಅದರ ಮೈಬಿಸಿ. ನೀರು ಕಾದರೆ ಒಳಗಿನ ಕಿಣ್ವಗಳ ಕೆಲಸವೂ ಚುರುಕಾಗುತ್ತದೆ, ಆಕ್ಸಿಜನ್ ಖರ್ಚು 10 ಡಿಗ್ರಿಗೆ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಎರಡನ್ನೂ ಗುಣಿಸಿ: 2 × 1.2 = 2.4. ಖರ್ಚು ಏರಿದ ತಿಂಗಳೇ ಸಂಬಳ ಕಡಿತ ಆದಂತೆ. ಮೀನು ಒಂದೊಂದು ಉಸಿರಿಗೂ ಜಾಸ್ತಿ ನೀರು ಎಳೆಯಬಲ್ಲದು, ಹಾಗಾಗಿ ಎಣಿಕೆ ಸರಿಯಾಗಿ 2.4 ಪಟ್ಟೇ ಬರಬೇಕೆಂದಿಲ್ಲ.

(ಆ 9.1, 7.6 ಸಮುದ್ರಮಟ್ಟದ ಲೆಕ್ಕ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಮ್ಮಿ, ಸುಮಾರು ಶೇ. 10 ಕಳೆದುಕೊಳ್ಳಿ.)

ಕ್ಯೂ10: ಇಲ್ಲೇ ಬಿದ್ದದ್ದು

10 ಡಿಗ್ರಿ ಏರಿದರೆ ದರ (ಇಲ್ಲಿ, ನಿಮಿಷಕ್ಕೆ ಎಷ್ಟು ಉಸಿರು ಎಂಬುದು) ಎಷ್ಟು ಪಟ್ಟಾಗುತ್ತದೆ ಎಂಬುದೇ ಕ್ಯೂ10. ವ್ಯತ್ಯಾಸ ಸರಿಯಾಗಿ 10 ಇದ್ದರೆ ಭಾಗಿಸಿದರೆ ಮುಗೀತು. ನಾನು ಅಭ್ಯಾಸಕ್ಕೆ ಹಾಕಿಕೊಂಡ ಲೆಕ್ಕದಲ್ಲಿ 18 ಡಿಗ್ರಿಗೆ 60 ಉಸಿರು, 24ಕ್ಕೆ 90. ವ್ಯತ್ಯಾಸ 6!

ನಾನು ಮಾಡಿದ್ದು: 6 ಡಿಗ್ರಿಗೆ ಅರ್ಧಪಟ್ಟು ಏರಿತು, 10ಕ್ಕೆ 0.83 ಏರುತ್ತದೆ, ಉತ್ತರ 1.83. ತಪ್ಪು. ಇದು ಸರಳ ಬಡ್ಡಿ. ಉಸಿರು ಏರುವುದು ಚಕ್ರಬಡ್ಡಿಯಂತೆ. 24 ಡಿಗ್ರಿಯಿಂದ ಮುಂದಿನ ಏರಿಕೆ ಹಳೆಯ 60ರ ಮೇಲಲ್ಲ, 90ರ ಮೇಲೆ. ಇನ್ನೂ 6 ಡಿಗ್ರಿ ಏರಿಸಿ, 30 ಡಿಗ್ರಿಗೆ 120 ಅಲ್ಲ, 135.

ಅದಕ್ಕೇ ಸೂತ್ರದಲ್ಲಿ ಘಾತ ಇರುವುದು. ಎರಡನೇ ದರವನ್ನು ಮೊದಲ ದರದಿಂದ ಭಾಗಿಸಿ. ಬಂದ 1.5ಕ್ಕೆ 10 ÷ 6, ಅಂದರೆ 1.67 ಘಾತ ಹಾಕಿ. ಉತ್ತರ ಸುಮಾರು 1.97. ನಾನು ಗಾಬರಿಯಲ್ಲಿ 6 ÷ 10 ಹಾಕಿ 1.28 ತಂದದ್ದೂ ಉಂಟು. 6 ಡಿಗ್ರಿಗೇ 1.5 ಪಟ್ಟಾದದ್ದು 10ಕ್ಕೆ 1.28 ಆಗಲು ಸಾಧ್ಯವಾ? ಅಷ್ಟೂ ಹೊಳೆಯಲಿಲ್ಲ.

ಕ್ಯಾಲ್ಕುಲೇಟರ್ ಇಲ್ಲದಾಗ ನನ್ನ ಕಳ್ಳದಾರಿ: 6 ಡಿಗ್ರಿಗೆ 1.5, ಎರಡು ಸಲ ಹಾಕಿದರೆ 12 ಡಿಗ್ರಿಗೆ 2.25. ನಮಗೆ ಬೇಕಾದ 10 ಇವೆರಡರ ನಡುವೆ, 12ರ ಹತ್ತಿರ. ಉತ್ತರ 2ರ ಆಸುಪಾಸಿನಲ್ಲಿ ಇಲ್ಲದಿದ್ದರೆ ಎಲ್ಲೋ ಎಡವಟ್ಟಾಗಿದೆ.

ಎಣಿಸುವಾಗ

15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಒಂದು ತಪ್ಪು ನಾಲ್ಕಾಗುತ್ತದೆ. ಪೂರ್ತಿ ನಿಮಿಷ ಎಣಿಸಿ. ಹೊಸ ಪಾತ್ರೆಗೆ ಬಿಟ್ಟ ತಕ್ಷಣ ಎಣಿಸಿದರೆ ಸಿಗುವುದು ಬರೀ ಹೆದರಿಕೆಯ ಉಸಿರು, ಅದು ಸುಧಾರಿಸಿಕೊಳ್ಳಲಿ. ಐಸ್ ತುಂಡನ್ನು ಸುಮ್ನೆ ನೀರಿಗೆ ಎಸೆಯಬೇಡಿ, ಪಾತ್ರೆಯ ಹೊರಗಿಟ್ಟು ನಿಧಾನಕ್ಕೆ ತಣಿಸಿ. ಕೊರವ ಮೀನು ತಂದರೆ ಲೆಕ್ಕವೇ ಕೆಡುತ್ತದೆ, ಅದು ಮೇಲೆ ಬಂದು ಗಾಳಿಯನ್ನೇ ನುಂಗುತ್ತದೆ.