ಹುಣಸೆಬೀಜ ಹೆಕ್ಕುವ ಕೈ

"ಅಂಗನವಾಡೀಲಿ ಏನು ಕಲಿಸ್ತಾರೆ? ಸುಮ್ನೆ ಆಡಿಸ್ತಾರೆ, ಉಣಿಸಿ ಮಲಗಿಸ್ತಾರೆ ಅಷ್ಟೆ." ಮೈಸೂರಿನಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೀಗೆ ಹೇಳಿದ ಪಕ್ಕದ ಮನೆಯವರ ಮಗಳಿಗೆ ಮೂರು ವರ್ಷ. ಸಂಜೆಯಾದರೆ ನಾಲ್ಕು ಗೆರೆ ಕಾಪಿ ಪುಸ್ತಕದಲ್ಲಿ ಒಂದು ಪುಟ ಎ, ಒಂದು ಪುಟ ಬಿ. ಮಗು ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಹಿಡಿದು, ಇಡೀ ತೋಳು ಎಳೆದು ಬರೆಯುತ್ತದೆ. ಗೆರೆ ದಾಟಿದರೆ ಅಮ್ಮ ರಬ್ಬರು ತಗೊಳ್ಳುತ್ತಾರೆ.

ಆ ಕೈಯೊಳಗೆ ಏನಿದೆ? ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದ ಮಗುವಿನಲ್ಲಿ ಎಂಟೂ ಕಿವಿಯಷ್ಟು ಮೆತ್ತಗಿರುತ್ತವೆ. ಮೂರು ವರ್ಷದ ಮಗುವಿನ ಎಕ್ಸ್‌ರೇ ತೆಗೆದರೆ ಸಾಮಾನ್ಯವಾಗಿ ಗಟ್ಟಿಯಾದ ಎರಡು ಮೂರು ಮೂಳೆ ಮಾತ್ರ ಕಾಣುತ್ತವೆ. ಉಳಿದವು ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ಕೊನೆಯದು ಎಂಟು ವರ್ಷ ದಾಟಿದ ಮೇಲೂ ಗಟ್ಟಿಯಾಗಬಹುದು.

ಮೂಳೆಯೊಂದೇ ಅಲ್ಲ, ಹಿಡಿತವೂ ನಿಧಾನವಾಗಿಯೇ ಬರಬೇಕು. ವಿಶ್ವೇಶ್ವರಯ್ಯ ನಾಲೆ ನೆನೆಸಿಕೊಳ್ಳಿ. ನೀರು ಮೊದಲು ದೊಡ್ಡ ನಾಲೆಯಲ್ಲಿ ಹರಿಯುತ್ತದೆ, ಆಮೇಲೆ ಕವಲು ಕಾಲುವೆ, ಕೊನೆಗೆ ಕಟ್ಟಕಡೆಯ ಗದ್ದೆ. ಮಗುವಿನ ಹಿಡಿತವೂ ಹಾಗೇ: ಮೊದಲು ಭುಜ, ಆಮೇಲೆ ಮೊಣಕೈ, ಮಣಿಕಟ್ಟು, ಎಲ್ಲಕ್ಕಿಂತ ಕೊನೆಗೆ ಬೆರಳ ತುದಿ. ಮುದ್ದೆ ತಿರುವಲು ಕಲಿಯುವವರನ್ನು ನೋಡಿದ್ದೀರಲ್ವಾ? ಮೊದಮೊದಲು ಮೈಯೆಲ್ಲಾ ಕೋಲಿನ ಜೊತೆ ತಿರುಗುತ್ತದೆ. ಕೈ ಪಳಗಿದ ಅಜ್ಜಿಗೆ ಮಣಿಕಟ್ಟಷ್ಟೇ ಸಾಕು. ಮಣ್ಣು ಕಲೆಸುವುದು, ಕಾಗದ ಹರಿಯುವುದು, ಮಣಿ ಪೋಣಿಸುವುದು, ಇವೆಲ್ಲ ಆ ನೀರನ್ನು ಗದ್ದೆ ಮುಟ್ಟಿಸುವ ಕೆಲಸ. ಹೊರಗಿನಿಂದ ನೋಡಿದವರಿಗೆ ಬರೀ ಆಟ.

ಪುಟ್ಟ ಮಕ್ಕಳಿಗೆ ಆಟವೇ ಪಾಠ ಎಂದು ಕಂಡುಕೊಂಡವರು ಕಡಿಮೆ ಕಷ್ಟಪಡಲಿಲ್ಲ. 1816ರಲ್ಲಿ ಸ್ಕಾಟ್ಲೆಂಡಿನ ನ್ಯೂ ಲಾನಾರ್ಕಿನಲ್ಲಿ ಹತ್ತಿ ಗಿರಣಿ ನಡೆಸುತ್ತಿದ್ದ ರಾಬರ್ಟ್ ಓವೆನ್ ಕೆಲಸಗಾರರ ಪುಟ್ಟ ಮಕ್ಕಳಿಗೆ ಶಾಲೆ ತೆರೆದ. ಪುಸ್ತಕ ಕೊಟ್ಟು ಅವರನ್ನು ಕಾಡಬಾರದು ಎಂದ. ಜರ್ಮನಿಯಲ್ಲಿ ಫ್ರೋಬೆಲ್ 1837ರಲ್ಲಿ ಮರದ ಚೆಂಡು, ಇಟ್ಟಿಗೆಗಳ ಆಟದಿಂದ ಕಲಿಸುವ ಶಾಲೆ ಶುರುಮಾಡಿದ. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟ. ಮಕ್ಕಳ ಆಟಕ್ಕೂ ಸರ್ಕಾರ ಹೆದರಿತು ಅಂದರೆ ನಂಬುತ್ತೀರಾ? ಜರ್ಮನಿಯ ಪ್ರಷ್ಯಾ ರಾಜ್ಯ 1851ರಲ್ಲಿ ಈ ಶಾಲೆಗಳನ್ನೇ ನಿಷೇಧಿಸಿತು. 1860ರವರೆಗೂ ಬಾಗಿಲು ತೆರೆಯಲಿಲ್ಲ. ಲಂಡನ್ನಿನ ಡೆಟ್‌ಫರ್ಡ್ ಎಂಬ ಬಡವರ ಬಡಾವಣೆಯಲ್ಲಿ ಮ್ಯಾಕ್‌ಮಿಲನ್ ಅಕ್ಕತಂಗಿಯರು 1914ರಲ್ಲಿ ಬಯಲು ನರ್ಸರಿ ತೆರೆದರು. ಸ್ನಾನ, ಊಟ, ನಿದ್ದೆ, ಗಾಳಿ ಬೆಳಕು, ಇವೂ ಶಿಕ್ಷಣವೇ ಎಂದು ಹಟ ಹಿಡಿದರು. 1918ರ ಕಾನೂನು ಇಂಗ್ಲೆಂಡಿನ ಸ್ಥಳೀಯ ಆಡಳಿತಗಳಿಗೆ ನರ್ಸರಿ ಶಾಲೆ ನಡೆಸುವ ಅಧಿಕಾರ ಕೊಟ್ಟಿತು. ಉಣಿಸಿ ಮಲಗಿಸುವುದನ್ನು ಹಗುರವಾಗಿ ನೋಡುವವರು ಈ ಅಕ್ಕತಂಗಿಯರನ್ನು ಒಮ್ಮೆ ನೆನೆಯಬೇಕು.

ನಮ್ಮಲ್ಲಿ ತಾರಾಬಾಯಿ ಮೋಡಕ್ ಎಂಬ ಶಿಕ್ಷಣತಜ್ಞೆ, ಇಟಲಿಯ ಶಿಕ್ಷಣತಜ್ಞೆ ಮಾಂಟೆಸ್ಸರಿಯ ದುಬಾರಿ ಸಾಮಾನು ಬಿಟ್ಟು, ಮಹಾರಾಷ್ಟ್ರದ ಬೋರ್ಡಿಯಲ್ಲಿ ಬೀಜ, ಚಿಪ್ಪು, ಎಲೆಗಳಿಂದಲೇ ಕಲಿಸಿದರು. ಅಂಗಳದ ಶಾಲೆ ಎಂಬ ಕಲ್ಪನೆ ಬೆಳೆದದ್ದು ಅಲ್ಲಿ.

ಅಕ್ಷರಾಭ್ಯಾಸದಲ್ಲಿ ನಾವು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತೇವೆ. ಮಾಂಟೆಸ್ಸರಿ ಉಪ್ಪುಕಾಗದದ ಅಕ್ಷರದ ಮೇಲೆ ಬೆರಳಾಡಿಸಲು ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಬೆರಳು ಮೊದಲು, ಪೆನ್ಸಿಲ್ ಆಮೇಲೆ. ಆದರೆ ಮುಹೂರ್ತ ಮುಗಿದ ಮಾರನೆ ದಿನವೇ ಕಾಪಿ ಪುಸ್ತಕ ಹಿಡಿಸುತ್ತೇವಲ್ಲ, ಬೇಡ, ದಯವಿಟ್ಟು ಬೇಡ.

1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 33 ಕಡೆ ಪ್ರಯೋಗವಾಗಿ ಶುರುವಾಯಿತು. ಕರ್ನಾಟಕಕ್ಕೆ ಸಿಕ್ಕಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಕಾವೇರಿ, ಕಪಿಲೆ ಕೂಡುವ ಊರು! ಹೋದ ತಿಂಗಳು ಆ ಕಡೆಯ ಒಂದು ಅಂಗನವಾಡಿಗೆ ಹೋಗಿದ್ದೆ. ಚಾಪೆಯ ಮೇಲೆ ಹುಣಸೆಬೀಜ, ಅವರೆಕಾಳು ಬೆರೆಸಿದ ರಾಶಿ. ನಾಲ್ಕು ವರ್ಷದ ಹುಡುಗನೊಬ್ಬ ಹುಣಸೆಬೀಜ ಮಾತ್ರ ಹೆಕ್ಕಿ ತಟ್ಟೆಗೆ ಹಾಕುತ್ತಿದ್ದ. ಹೆಬ್ಬೆರಳು, ತೋರುಬೆರಳು, ಆಸರೆಗೆ ನಡುಬೆರಳು. ಪೆನ್ಸಿಲ್ ಹಿಡಿಯುವುದೂ ಇದೇ ಮೂರು ಬೆರಳಲ್ಲಿ. ತಟ್ಟೆ ತುಂಬಿದ ಮೇಲೆ ಟೀಚರ್‌ಗೆ ತೋರಿಸಿ, ಮತ್ತೆ ರಾಶಿಗೇ ಸುರಿದು, ಮೊದಲಿಂದ ಶುರುಮಾಡಿದ.