ನಗುವವರ ಮುಂದೆ ಕಲಿಯೋದು: ಬ್ಯಾಸ್ಕೆಟ್‌ಬಾಲ್ ದಿಗ್ಗಜರ ಬದುಕಿನ ಪಾಠಗಳು

ವಿಜಯಪುರದಲ್ಲಿ ನನ್ನ ಜೊತೆ ಬಿ.ಪಿ.ಎಡ್ (ದೈಹಿಕ ಶಿಕ್ಷಣ ಶಿಕ್ಷಕರ ಕೋರ್ಸ್) ಓದುತ್ತಿರುವ ಗೆಳೆಯ ಗೆಳತಿಯರಿಗೆ ಈ ಟಿಪ್ಪಣಿ. ಕ್ರೀಡಾ ಮನೋವಿಜ್ಞಾನದಲ್ಲಿ "ಶ್ರೇಷ್ಠ ಆಟಗಾರರ ಬದುಕಿನಿಂದ ಕಲಿಯುವ ಪಾಠಗಳು" ಅಂತ ಪ್ರಶ್ನೆ ಬಂದರೆ ಎಲ್ಲರೂ ಬರೆಯೋದು ಒಂದೇ: ಶ್ರಮ, ಶಿಸ್ತು, ಛಲ. ತಪ್ಪೇನಿಲ್ಲ. ಆದರೆ ಅಷ್ಟು ಬರೆಯೋಕೆ ಯಾವ ಆಟಗಾರನ ಹೆಸರೂ ಬೇಕಾಗಿಲ್ಲ, ಅಲ್ವಾ? ಅವರ ಕತೆಗಳನ್ನು ಸ್ವಲ್ಪ ನಿಧಾನವಾಗಿ ಓದಿದರೆ ಬೇರೆ ಒಂದು ಎಳೆ ಸಿಗುತ್ತದೆ. ಕಲಿಯುವವನಿಗೆ ಸೋಮಾರಿತನಕ್ಕಿಂತ ಜಾಸ್ತಿ ಅಡ್ಡ ಬರೋದು ನಾಚಿಕೆ. ನಾಲ್ಕು ಜನ ನಕ್ಕಾರು ಅನ್ನೋ ಅಂಜಿಕೆ. ನಾನು ಈ ಒಂದೇ ಎಳೆ ಹಿಡಿದು ಹೋಗುತ್ತೇನೆ.

ಶುರುವಿಗೆ ಮೈಕಲ್ ಜೋರ್ಡನ್. ಭಾಷಣ ಮಾಡುವವರೆಲ್ಲ "ಅವನನ್ನು ಶಾಲೆಯ ತಂಡದಿಂದಲೇ ಹೊರಗೆ ಹಾಕಿದ್ದರು" ಅಂತ ಹೇಳುತ್ತಾರೆ. ಉತ್ತರ ಪತ್ರಿಕೆಯಲ್ಲಿ ಹಾಗೆ ಬರೀಬೇಡಿ. 1978ರಲ್ಲಿ ನಡೆದದ್ದು ಇಷ್ಟು: ಹಿರಿಯರ ತಂಡಕ್ಕೆ ಅವನ ವಯಸ್ಸಿನ, ಅವನಿಗಿಂತ ಎತ್ತರದ ಇನ್ನೊಬ್ಬ ಹುಡುಗನನ್ನು ತಗೊಂಡರು. ಇವನನ್ನು ಕಿರಿಯರ ತಂಡಕ್ಕೆ ಹಾಕಿದರು. ಇವನು ಮುನಿಸಿಕೊಂಡು ಮನೆ ಸೇರಲಿಲ್ಲ, ಆ ಕಿರಿಯರ ತಂಡದಲ್ಲೇ ಆಡಿದ. ನನಗೆ ಕೇಳಿದರೆ, ಹೊರಗೆ ಹಾಕಿದ ಕತೆಗಿಂತ ಇದೇ ಗಟ್ಟಿ.

ಈಗ ನಿಜವಾದ ವಿಷಯಕ್ಕೆ ಬರೋಣ. ಫ್ರೀ ಥ್ರೋ.

ನಿಮಗೆ ಗೊತ್ತೇ ಇದೆ: ಎದುರಾಳಿ ಫೌಲ್ ಮಾಡಿದಾಗ ಸಿಗುವ ಎಸೆತ. ಬೋರ್ಡಿನಿಂದ 4.6 ಮೀಟರ್ ದೂರದ ಗೆರೆ, 3.05 ಮೀಟರ್ ಎತ್ತರದ ರಿಂಗ್. ಮುಂದೆ ಅಡ್ಡ ಬರುವವರು ಯಾರೂ ಇಲ್ಲ. ಆಟದಲ್ಲಿ ಇದಕ್ಕಿಂತ ಸಲೀಸಾದ ಹೊಡೆತ ಇಲ್ಲ ಅನ್ನಿಸುತ್ತದೆ. ಆದರೆ 7 ಅಡಿಗೂ ಮೀರಿ ಎತ್ತರ ಇದ್ದ ವಿಲ್ಟ್ ಚೇಂಬರ್ಲಿನ್‌ಗೆ ಇದೇ ಕಷ್ಟ. 1960–61ರಲ್ಲಿ ಅವನು ಹಾಕಿದ ಫ್ರೀ ಥ್ರೋಗಳಲ್ಲಿ ಅರ್ಧದಷ್ಟು ಮಾತ್ರ ಒಳಗೆ ಬಿದ್ದವು. ಮುಂದಿನ ಸೀಸನ್‌ನಲ್ಲಿ ವಿಧಾನ ಬದಲಿಸಿದ. ಎರಡೂ ಕೈಯಲ್ಲಿ ಚೆಂಡು ಹಿಡಿದು, ಮೊಣಕಾಲು ಬಗ್ಗಿಸಿ, ಕಾಲ ಸಂದಿಯಿಂದ ಮೇಲಕ್ಕೆ ತೇಲಿಸಿ ಬಿಡೋದು. ಲೆಕ್ಕ ಶೇ. 61ಕ್ಕೆ ಏರಿತು. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಒಬ್ಬನೇ 100 ಪಾಯಿಂಟ್ ಹೊಡೆದ. ಆ ದಾಖಲೆ ಇವತ್ತಿಗೂ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಯಾರೂ ಮುಟ್ಟಿಲ್ಲ. ಅವತ್ತು 32 ಫ್ರೀ ಥ್ರೋಗಳಲ್ಲಿ 28 ಬಿದ್ದಿದ್ದವು.

ಇಷ್ಟಾದ ಮೇಲೆ ಯಾರಾದರೂ ಆ ವಿಧಾನ ಬಿಡುತ್ತಾರಾ? ಚೇಂಬರ್ಲಿನ್ ಬಿಟ್ಟ. ಮತ್ತೆ ಎಲ್ಲರ ಹಾಗೆ ತಲೆ ಮೇಲಿಂದ ಎಸೆಯೋಕೆ ಶುರು ಮಾಡಿದ. 1967–68ರಲ್ಲಿ ಅವನ ಲೆಕ್ಕ ಶೇ. 38ಕ್ಕೆ ಇಳಿಯಿತು. ಕೆಳಗಿನಿಂದ ಎಸೆಯುವಾಗ ಹೆಣ್ಣಿಗನ ಹಾಗೆ ಕಾಣುತ್ತೇನೆ ಅಂತ ಮುಜುಗರ ಆಗುತ್ತಿತ್ತು, ಬಿಟ್ಟದ್ದು ತಪ್ಪು ಅಂತಲೂ ಗೊತ್ತಿತ್ತು ಅಂತ ಆಮೇಲೆ ಅವನೇ ಬರೆದುಕೊಂಡ. ಇಲ್ಲಿ ಸ್ವಲ್ಪ ನಿಲ್ಲಿ. ಇವನಿಗೆ ಶ್ರಮದ ಕೊರತೆ ಇರಲಿಲ್ಲ. ಜ್ಞಾನದ ಕೊರತೆಯೂ ಇರಲಿಲ್ಲ, ಸರಿಯಾದ ದಾರಿ ಯಾವುದು ಅಂತ ಅವನ ಕೈಗೇ ಗೊತ್ತಿತ್ತು. ಬಿಡಿಸಿದ್ದು ಬರೀ ನಾಚಿಕೆ. ಆ ಕಾಲದ ಬಲಾಢ್ಯ ಆಟಗಾರನಿಗೇ ಹೀಗಾದರೆ, ಕ್ಲಾಸಿನಲ್ಲಿ ಎದ್ದು ನಿಂತು "ಸರ್, ತಿಳೀಲಿಲ್ಲ" ಅನ್ನೋಕೆ ನಮಗೆ ಯಾಕೆ ಬಾಯಿ ಬರಲ್ಲ ಅಂತ ಬೇರೆ ಕೇಳಬೇಕಾಗಿಲ್ಲ.

ಪಕ್ಕದಲ್ಲೇ ರಿಕ್ ಬ್ಯಾರಿಯನ್ನು ಇಟ್ಟು ನೋಡಿ. ಇವನೂ ಕಾಲ ಸಂದಿಯಿಂದಲೇ ಎಸೆಯುತ್ತಿದ್ದ. ಕಲಿಸಿದ್ದು ಅಪ್ಪ. ಹುಡುಗನಿದ್ದಾಗ ಇವನಿಗೂ ಅದು ಹುಡುಗಿಯರ ಆಟ ಅನ್ನಿಸಿತ್ತು. ಆದರೂ ಕಲಿತ, ಕೊನೆಯವರೆಗೂ ಬಿಡಲಿಲ್ಲ. ಎನ್‌ಬಿಎಯಲ್ಲಿ ಸುಮಾರು ಶೇ. 90. 1978–79ರ ಸೀಸನ್‌ನಲ್ಲಿ ತಪ್ಪಿಸಿದ್ದು ಬರೀ 9. ನೆಟ್ಟಗೆ ಹೇಳಬೇಕೆಂದರೆ ಚೇಂಬರ್ಲಿನ್ ಬ್ಯಾರಿಗಿಂತ ದೊಡ್ಡ ಆಟಗಾರ. ಆದರೆ ಈ ಗೆರೆಯ ಹತ್ತಿರ ಬ್ಯಾರಿಯೇ ದೊಡ್ಡವನು.

ನಾಚಿಕೆಯನ್ನು ಗೆದ್ದವರ ಕತೆಗಳಲ್ಲಿ ನನಗೆ ಹಿಡಿಸಿದ್ದು ಕೋಬಿ ಬ್ರಯಾಂಟ್‌ನದು. 1997ರ ಮೇ 12. ಅವನಿಗೆ 18 ವರ್ಷ, ಹೈಸ್ಕೂಲಿನಿಂದ ನೇರ ಎನ್‌ಬಿಎಗೆ ಬಂದ ಹುಡುಗ. ಯೂಟಾ ಜಾಝ್ ವಿರುದ್ಧದ ಪಂದ್ಯ ಸಮ ಆಗಿತ್ತು. ಕೊನೆಯ ಹೊಡೆತ ಇವನ ಕೈಗೆ ಬಂತು. ಚೆಂಡು ರಿಂಗಿಗೂ ತಾಗಲಿಲ್ಲ, ಬೋರ್ಡಿಗೂ ತಾಗಲಿಲ್ಲ. ಅದಕ್ಕೆ ಏರ್‌ಬಾಲ್ ಅನ್ನುತ್ತೇವಲ್ಲ, ಅದು. ಹೆಚ್ಚುವರಿ ಸಮಯದಲ್ಲಿ ಇನ್ನೂ ಮೂರು ಏರ್‌ಬಾಲ್. ತಂಡ ಸೋತು ಟೂರ್ನಿಯಿಂದಲೇ ಹೊರಗೆ ಬಿತ್ತು.

ನಮ್ಮಲ್ಲಿ ಯಾರಿಗಾದರೂ ಹೀಗಾಗಿದ್ದರೆ ಒಂದು ವಾರ ಕೋಣೆ ಬಾಗಿಲು ತೆಗೀತಿರಲಿಲ್ಲ. ಅವನು ಕಾರಣ ಹುಡುಕಿದ. ನಾಲ್ಕೂ ಹೊಡೆತದ ದಿಕ್ಕು ಸರಿ ಇತ್ತು, ಆದರೆ ಗಿಡ್ಡ ಬಿದ್ದವು. ಹೈಸ್ಕೂಲಿನಲ್ಲಿ ವರ್ಷಕ್ಕೆ ಆಡುವ ಪಂದ್ಯಗಳು ಕಡಿಮೆ. ಎನ್‌ಬಿಎಯಲ್ಲಿ 82, ಅದರ ಮೇಲೆ ಪ್ಲೇಆಫ್, ಅಂದರೆ ಕಪ್‌ಗಾಗಿ ಕೊನೆಯಲ್ಲಿ ನಡೆಯುವ ಪಂದ್ಯಗಳು. ಸೀಸನ್ ಮುಗಿಯೋ ಹೊತ್ತಿಗೆ ಕಾಲಲ್ಲಿ ಕಸುವು ಉಳಿದಿರಲಿಲ್ಲ. ಅಂದರೆ ಗಟ್ಟಿ ಆಗಬೇಕಾದದ್ದು ಕಾಲು. ಹಾಗಂತ ವ್ಯಾಯಾಮವನ್ನೇ ಬದಲಿಸಿಕೊಂಡ. ಟಿಪ್ಪಣಿಯಲ್ಲಿ ಈ ಭಾಗಕ್ಕೆ ಗೆರೆ ಎಳೆಯಿರಿ: "ನಾನು ಕೆಟ್ಟ ಆಟಗಾರ" ಅನ್ನೋದು ಬರೀ ಕೊರಗು, "ನನ್ನ ಕಾಲು ಸೋತಿತ್ತು" ಅನ್ನೋದು ಮಾಹಿತಿ. ಮಾಹಿತಿ ಇದ್ದರೆ ಮರುದಿನ ಬೆಳಿಗ್ಗೆ ಮಾಡೋಕೆ ಒಂದು ಕೆಲಸ ಸಿಗುತ್ತದೆ. ಅವನು ಮುಂದೆ 5 ಸಲ ಚಾಂಪಿಯನ್ ಆದ.

ಸ್ಟೆಫನ್ ಕರಿಯದೂ ಹತ್ತಿರದ ಕತೆ, ಚಿಕ್ಕದಾಗಿ ಹೇಳುತ್ತೇನೆ. ಹೈಸ್ಕೂಲಿನಲ್ಲಿ ಸೊಂಟದ ಹತ್ತಿರದಿಂದ ಎಸೆಯುತ್ತಿದ್ದ, ಚೆನ್ನಾಗೇ ಬೀಳುತ್ತಿತ್ತು. ಎನ್‌ಬಿಎ ಆಟಗಾರನೇ ಆಗಿದ್ದ ಅಪ್ಪ ಡೆಲ್ ಕರಿ, ಎತ್ತರದವರ ಮುಂದೆ ಇದು ನಡೆಯಲ್ಲ ಅಂತ ಒಂದು ಬೇಸಿಗೆ ಪೂರ್ತಿ ಕೂತು ಕೈ ಚಲನೆಯನ್ನೇ ತಲೆ ಮೇಲಕ್ಕೆ ಬದಲಿಸಿದ. ಆ ಬೇಸಿಗೆಯಲ್ಲಿ ಹುಡುಗನಿಗೆ ರಿಂಗಿನಿಂದ ಸ್ವಲ್ಪ ದೂರ ನಿಂತರೂ ಚೆಂಡು ಹಾಕೋಕೆ ಬರ್ತಿರಲಿಲ್ಲ. ಬರುತ್ತಿದ್ದದ್ದನ್ನು ಬಿಟ್ಟು ಬಾರದವನಾಗೋಕೆ ಒಪ್ಪಿದ. 2021ರ ಡಿಸೆಂಬರ್‌ನಲ್ಲಿ ಎನ್‌ಬಿಎಯ ಅತಿ ಹೆಚ್ಚು ತ್ರೀ ಪಾಯಿಂಟರ್ (ದೂರದಿಂದ ಹಾಕುವ ಮೂರು ಪಾಯಿಂಟ್ ಹೊಡೆತ) ದಾಖಲೆ ಅವನ ಹೆಸರಿಗೆ ಬಂತು.

ಲೆಬ್ರಾನ್ ಜೇಮ್ಸ್ 2011ರ ಫೈನಲ್ ಸೋತಾಗ ಆಗಲೇ ಎರಡು ಸಲ ಲೀಗ್‌ನ ಶ್ರೇಷ್ಠ ಆಟಗಾರ. ಆ ಬೇಸಿಗೆಯಲ್ಲಿ ಹ್ಯೂಸ್ಟನ್‌ಗೆ ಹೋಗಿ, ನಿವೃತ್ತ ಆಟಗಾರ ಹಕೀಮ್ ಒಲಾಜುವಾನ್ ಹತ್ತಿರ ರಿಂಗಿಗೆ ಬೆನ್ನು ಕೊಟ್ಟು ಆಡುವ ಕಾಲ್ಚಳಕ ಕಲಿತ. ಮುಂದಿನ ವರ್ಷ ಗೆದ್ದ. ಹಕೀಮ್ ಕತೆಯೂ ಮಜಾ ಇದೆ. ನೈಜೀರಿಯಾದ ಲಾಗೋಸ್‌ನಲ್ಲಿ ಫುಟ್‌ಬಾಲ್, ಹ್ಯಾಂಡ್‌ಬಾಲ್ ಆಡಿಕೊಂಡಿದ್ದವನು ಬ್ಯಾಸ್ಕೆಟ್‌ಬಾಲ್ ಹಿಡಿದದ್ದು 15ರ ಆಸುಪಾಸಿನಲ್ಲಿ. ನಮ್ಮದು ಸೈಕ್ಲಿಂಗ್‌ಗೆ ಹೆಸರಾದ ಜಿಲ್ಲೆ, ಹಳ್ಳಿಗಳಲ್ಲಿ ಕಬಡ್ಡಿ, ಖೋ ಖೋ ಆಡಿ ಬಂದ ಮಕ್ಕಳೇ ಜಾಸ್ತಿ. ಬ್ಯಾಸ್ಕೆಟ್‌ಬಾಲ್ ತಡವಾಗಿ ಸಿಕ್ಕಿತು ಅನ್ನುವವರಿಗೆ ಈ ಉದಾಹರಣೆ ಕೊಡಿ.

ಕೊನೆಗೆ ಯಾನಿಸ್ ಆಂಟೆಟೊಕೊಂಪೊ. ಅಥೆನ್ಸ್‌ನ ಬೀದಿಗಳಲ್ಲಿ ವಾಚು, ಕನ್ನಡಕ ಮಾರುತ್ತಿದ್ದ ಹುಡುಗ. ಫ್ರೀ ಥ್ರೋ ಹಾಕೋಕೆ ತುಂಬಾ ಹೊತ್ತು ತಗೋತಾನೆ. ಎನ್‌ಬಿಎ ನಿಯಮದಲ್ಲಿ ಇರೋದು 10 ಸೆಕೆಂಡ್. 2021ರ ಪ್ಲೇಆಫ್‌ನಲ್ಲಿ ಎದುರಾಳಿ ಊರಿನ ಪ್ರೇಕ್ಷಕರು ಅವನು ಗೆರೆಗೆ ಬಂದ ಕೂಡಲೇ ಒಂದು, ಎರಡು, ಮೂರು ಅಂತ ಒಟ್ಟಾಗಿ ಕೂಗಿ ಎಣಿಸುತ್ತಿದ್ದರು. ಆದರೂ ಜುಲೈ 20ರ ನಿರ್ಣಾಯಕ ಪಂದ್ಯದಲ್ಲಿ 19ರಲ್ಲಿ 17 ಹಾಕಿದ. ಒಟ್ಟು 50 ಪಾಯಿಂಟ್, ಅವನ ತಂಡ ಮಿಲ್ವಾಕಿಗೆ 50 ವರ್ಷದ ಮೇಲೆ ಕಪ್. ಅವತ್ತಿನ ಆಟ ತವರಿನಲ್ಲಿತ್ತು, ಎಣಿಸುವವರು ಇರಲಿಲ್ಲ, ಅದೂ ನಿಜ.

ಇನ್ನು ಪಾಠ ಅಭ್ಯಾಸಕ್ಕೆ ಶಾಲೆಗೆ ಹೋದಾಗ ಇದನ್ನು ಬಳಸೋದು ಹೇಗೆ? ಆರನೇ ಕ್ಲಾಸಿನ ಮಗುವಿನ ಕೈಗೆ ದೊಡ್ಡವರ 7ನೇ ಸೈಜಿನ ಚೆಂಡು ಕೊಟ್ಟರೆ ಅದು ತಾನಾಗೇ ಎರಡೂ ಕೈಯಲ್ಲಿ ಕೆಳಗಿನಿಂದ ಎಸೆಯುತ್ತದೆ. ಆಗ ಉಳಿದವರು "ಏ, ಹಂಗ್ಯಾಕ ಒಗಿತಿಯೋ" ಅಂತ ನಗುತ್ತಾರೆ, ಮಾಸ್ತರೂ ತಿದ್ದೋಕೆ ಹೋಗುತ್ತಾರೆ. ತಿದ್ದಬೇಡಿ. ಫ್ರೀ ಥ್ರೋವನ್ನು ಯಾವ ರೀತಿಯಲ್ಲಾದರೂ ಎಸೆಯೋಕೆ ನಿಯಮದಲ್ಲಿ ಅವಕಾಶ ಇದೆ. ಸಿಕ್ಕರೆ ಮಕ್ಕಳ 5ನೇ ಸೈಜಿನ ಚೆಂಡು ಕೊಡಿ. ಒಬ್ಬರು ಗೆರೆಯಲ್ಲಿ ನಿಲ್ಲಲಿ, ಉಳಿದ ಕ್ಲಾಸ್ ಜೋರಾಗಿ ಎಣಿಸಲಿ, ಸರದಿ ಪ್ರಕಾರ ಎಲ್ಲರಿಗೂ. ನಮ್ಮಲ್ಲಿ ನಡೆಯೋದು ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮ, ಹಾಗಾಗಿ ಎಣಿಕೆ 10 ಅಲ್ಲ, 5ಕ್ಕೆ ಮುಗಿಯುತ್ತದೆ.